ಮೂರು ಕಾರು, ಒಂದೇ ಏರುದಾರಿ

ನಮ್ಮ ಊರಿನಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಕಾರು ಕಲಿಸಿದವರು ಡ್ರೈವಿಂಗ್ ಸ್ಕೂಲಿನ ಮೇಡಂ. ನಾನೂ ಅವರ ಪಕ್ಕ ಕೂತು ಬೆವರು ಸುರಿಸಿದವನೇ. ಎದುರಿಗೆ ಮೇಡಂ ಅನ್ನುವ ನಾವು ಬೆನ್ನ ಹಿಂದೆ ಬ್ರೇಕಮ್ಮ ಅನ್ನುತ್ತಿದ್ದೆವು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಅವರ ಕಾಲು ಸದಾ ಸಿದ್ಧವಾಗಿರುತ್ತಿತ್ತು. ಎದುರಿನ ಸೈಕಲ್ಲು ನಮ್ಮ ಕಣ್ಣಿಗೆ ಬೀಳುವ ಮೊದಲೇ ಕಾರು ನಿಂತಿರುತ್ತಿತ್ತು. ಈ ಹೆಸರು ಅವರಿಗೆ ಗೊತ್ತಿಲ್ಲದೆ ಏನಿಲ್ಲ. ಹೆಸರು ಬದಲಾಗಿ ಆಕ್ಸಿಲರೇಟರಮ್ಮ ಅಂತ ಆಗಿದ್ದರೆ ಸ್ಕೂಲು ಯಾವತ್ತೋ ಮುಚ್ಚಿಹೋಗುತ್ತಿತ್ತು ಎಂದು ನಗುತ್ತಿದ್ದರು.

ಅವರ ಮನೆ ಮಾರ್ಕೆಟ್ ಹಿಂದಿನ ಬೀದಿಯಲ್ಲಿ. ಕೆಳಗೆ ಗಂಡನ ಟೈಲರ್ ಅಂಗಡಿ, ಮೇಲೆ ಮನೆ. ಮೇಲಿನ ಕಿಟಕಿಯ ಬಳಿ ಅತ್ತೆಯ ಕುರ್ಚಿ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಇಳಿಯುವುದು ಅಪರೂಪ. ಹಾಗೆಂದು ಬೀದಿಯ ಕಾರುಬಾರು ಅವರ ಕಣ್ಣು ತಪ್ಪಿಸುವಂತಿರಲಿಲ್ಲ. ಕೆಳಗೆ ಯಾರಾದರೂ ಕಾರು ನಿಲ್ಲಿಸಲು ಒದ್ದಾಡಿದರೆ, "ಇವನು ನಿನ್ನ ಹತ್ರ ಕಲಿತೋನಲ್ಲ ತಾನೆ?" ಎಂದು ಸೊಸೆಯನ್ನು ಕೇಳುತ್ತಿದ್ದರು. ಒಮ್ಮೊಮ್ಮೆ ಹೌದು ಅನ್ನಬೇಕಾಗಿ ಬಂದು ಮೇಡಂ ಅಡುಗೆಮನೆಗೆ ಜಾರಿಕೊಳ್ಳುತ್ತಿದ್ದರು.

ಮೇಡಂ ಈ ಕೆಲಸಕ್ಕೆ ಬಂದದ್ದಕ್ಕೆ ಅತ್ತೆಯೇ ಕಾರಣ. ಮದುವೆಯಾದ ಹೊಸತರಲ್ಲಿ ಅಂಗಡಿಯ ಬಟ್ಟೆ ಸಾಗಿಸಲು ಒಂದು ಹಳೇ ವ್ಯಾನ್ ಇತ್ತು. ಓಡಿಸುವವನು ಹೇಳದೆ ಕೇಳದೆ ಕೆಲಸ ಬಿಟ್ಟ. ಟೈಲರಿಗೆ ಗಾಡಿಯಲ್ಲಿ ಕೂತರೇ ತಲೆ ಸುತ್ತು, ಇನ್ನು ಓಡಿಸುವ ಮಾತೆಲ್ಲಿ? ಅತ್ತೆ ಸೊಸೆಯನ್ನು ಕರೆದು ನೀನೇ ಕಲಿ ಎಂದರು. ಮೇಡಂ ಕಲಿತರು. ಆಮೇಲೆ ಪಕ್ಕದ ಮನೆಯವಳಿಗೆ ಕಲಿಸಿದರು, ಅವಳ ಅಣ್ಣನಿಗೆ ಕಲಿಸಿದರು, ನೋಡನೋಡುತ್ತ ಅದೇ ಅನ್ನದ ದಾರಿಯಾಯಿತು.

ಆದರೆ ಆ ದಾರಿಯಲ್ಲಿ ಅವರು ಹೋದದ್ದೆಲ್ಲ ಆಮೆಯ ನಡಿಗೆಯಲ್ಲಿ. ಒಂದನೇ ಗೇರು, ಎರಡನೇ ಗೇರು, ಇಂಜಿನ್ ಆಫ್, ಮತ್ತೆ ಒಂದನೇ ಗೇರು. ಮೂರನೇ ಗೇರಿಗೆ ಬಂದ ವಿದ್ಯಾರ್ಥಿ ಪರೀಕ್ಷೆಗೆ ತಯಾರು ಎಂದೇ ಲೆಕ್ಕ. ಅದೂ ಮೇಡಂ ಪಕ್ಕದ ಸೀಟಿನಲ್ಲಿ, ಸ್ಟಿಯರಿಂಗ್ ಇನ್ನೊಬ್ಬರ ಕೈಯಲ್ಲಿ. ಅವರು ಇದಕ್ಕಾಗಿ ಕೊರಗಿದವರೇನಲ್ಲ. ಕೊರಗಲು ಅದಕ್ಕಿಂತ ಬೇರೆ ರುಚಿ ಗೊತ್ತಿರಬೇಕಲ್ಲ.

ಆ ರುಚಿ ಗೊತ್ತಾದದ್ದು ತಮ್ಮನ ಕಾಲು ಉಳುಕಿದ ದಿನ. ಊರಾಚೆಯ ಬೆಟ್ಟದ ಮೇಲಿನ ಬಡಾವಣೆಯಲ್ಲಿ ಅವರ ತಮ್ಮನ ಮನೆ. ಕಾರು ಎಂದರೆ ಅವನಿಗೆ ಪ್ರಾಣ, ಹೊಸದಾಗಿ ಪುಟ್ಟದೊಂದು ಚುರುಕಿನ ಕಾರು ಕೊಂಡಿದ್ದ. ಅಕ್ಕ ಬಂದಿದ್ದ ಹೊತ್ತಿಗೆ ಸರಿಯಾಗಿ ಅಂಗಳದ ಮೆಟ್ಟಿಲು ತಪ್ಪಿ ಬಿದ್ದ. ಅವನದೇ ಕಾರಿನಲ್ಲಿ ಅವನನ್ನು ಮೂಳೆ ಡಾಕ್ಟರ ಬಳಿ ಕರೆದೊಯ್ದು, ಪಟ್ಟಿ ಹಾಕಿಸಿ, ಮೇಡಂ ವಾಪಸು ಬೆಟ್ಟ ಹತ್ತಿಸಿದರು. ಇಳಿಯುವಾಗ ತಮ್ಮನ ನೋವಿನ ಕಡೆ ಗಮನ. ಹತ್ತುವಾಗ ಅವನು ಮಾತ್ರೆಯ ಮಂಪರಿನಲ್ಲಿದ್ದ, ರಸ್ತೆ ಖಾಲಿಯಿತ್ತು, ತಿರುವಿನ ಹಿಂದೆ ತಿರುವು ಬರುತ್ತಿತ್ತು. ಎರಡನೇ ಗೇರಿನಲ್ಲಿ ಕಾಲು ಒತ್ತಿದರೆ ಕಾರು ಬೆಟ್ಟವನ್ನೇ ಎಳೆದುಕೊಂಡು ಮೇಲೆ ಹೋಯಿತು. ಸ್ಟಿಯರಿಂಗನ್ನು ಇಷ್ಟು ತಿರುಗಿಸಿದರೆ ಇಷ್ಟೇ ತಿರುಗಿತು. ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಕಾರನ್ನು ಮೇಡಂ ಅದೇ ಮೊದಲು ಕಂಡದ್ದು. ಮನೆ ಮುಂದೆ ನಿಲ್ಲಿಸಿದಾಗ ತಮ್ಮ ಕಣ್ಣು ಬಿಟ್ಟು, ಅಕ್ಕ ಯಾಕೆ ನಗ್ತಿದ್ದೀಯ ಎಂದು ಕೇಳಿದನಂತೆ.

ಅದೇ ವಾರ ಊಟಕ್ಕೆ ಕೂತಾಗ ಮೇಡಂ ತನಗೆಂದು ಒಂದು ಕಾರು ಕೊಳ್ಳುವುದಾಗಿ ಹೇಳಿದರು. ಸ್ಕೂಲಿನ ಕಾರು ಸ್ಕೂಲಿಗೆ, ಇದು ತನಗೆ. ಸಾಲ ಇಲ್ಲ, ಕೂಡಿಟ್ಟದ್ದರಲ್ಲಿ ಬರುವಂಥದ್ದು, ಆದರೆ ಓಟ ಚುರುಕಾಗಿರಬೇಕು. ಟೈಲರು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟರು. ನಿನಗೆ ಜೋರಾಗಿ ಹೋಗುವ ಕಾರಾ ಎಂದು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರು. ಅತ್ತೆ ಮಾತ್ರ ಕೇಳಿದ್ದು ಬೇರೆ.

"ಎಷ್ಟು ಜೋರು?"

ಹಾಸಿಗೆಯಲ್ಲಿ ಕಾಲು ಎತ್ತಿಟ್ಟುಕೊಂಡು ಬಿಡುವಾಗಿದ್ದ ತಮ್ಮ, ಅಕ್ಕನ ಫೋನಿಗೆ ದಿನಾ ವಿಡಿಯೋಗಳನ್ನು ಕಳಿಸತೊಡಗಿದ. ಎಲ್ಲದರಲ್ಲೂ ಯಾರೋ ಒಬ್ಬ ಕಾರಿನ ಪಕ್ಕ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ. ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಹೋಗಲು ಇದಕ್ಕೆ ಇಷ್ಟು ಸೆಕೆಂಡು, ಅದಕ್ಕೆ ಅಷ್ಟು ಸೆಕೆಂಡು. ಮೇಡಂ ಸೌಂಡ್ ತೆಗೆದು ನೋಡಿ, ತಮ್ಮನಿಗೆ ಫೋನು ಮಾಡಿದರು. ನಮ್ಮ ಊರಲ್ಲಿ ನೂರಕ್ಕೆ ಹೋಗುವ ರಸ್ತೆಯೇ ಇಲ್ಲ, ತಿರುವಿನಿಂದ ಹೊರಗೆ ಬರುವಾಗ ಹೇಗೆ ಎಳೆಯುತ್ತದೆ ಅದನ್ನು ಹೇಳು ಎಂದರು. ಅದನ್ನು ವಿಡಿಯೋದಲ್ಲಿ ಹೇಳಲಾಗುವುದಿಲ್ಲ, ಓಡಿಸಿಯೇ ನೋಡಬೇಕು ಎಂದ ತಮ್ಮ. ಅಳೆದು ತೂಗಿ ಇಬ್ಬರೂ ಕೂಡಿ ಮೂರು ಕಾರುಗಳನ್ನು ಆರಿಸಿದರು.

ಮೂರನ್ನೂ ಒಂದೇ ದಾರಿಯಲ್ಲಿ ಓಡಿಸಬೇಕೆಂಬುದು ಮೇಡಂ ಹಠ. ಗೋದಾಮುಗಳ ಹಿಂದಿನ ಒಡೆದ ಕಾಂಕ್ರೀಟ್ ರಸ್ತೆ, ಅಲ್ಲಿಂದ ನೀರಿನ ಟ್ಯಾಂಕಿನ ಪಕ್ಕದ ಏರು, ಮೇಲಿನ ವೃತ್ತ ಸುತ್ತಿ ವಾಪಸು. ಬೇರೆ ಬೇರೆ ರಸ್ತೆಯಲ್ಲಿ ಓಡಿಸಿದರೆ ರಸ್ತೆಗೆ ಮಾರ್ಕು ಕೊಟ್ಟ ಹಾಗಾಗುತ್ತದೆ, ಕಾರಿಗಲ್ಲ ಎನ್ನುತ್ತಿದ್ದರು. ಜೊತೆಗೆ ಗಂಡ, ಅತ್ತೆ ಇಬ್ಬರೂ ಬರಬೇಕು, ನಾಳೆ ಕೂರುವವರು ಅವರೇ ತಾನೆ. ಟೈಲರು ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಹೊರಟರು.

ಮೊದಲನೆಯದು ಶೋರೂಮಿನ ಕೆಂಪು ಕಾರು, ಹೊಚ್ಚ ಹೊಸದು, ಟರ್ಬೊ ಇಂಜಿನ್ನು. ತಲೆ ನರೆತ ಸೇಲ್ಸ್‌ನವರೊಬ್ಬರು ಬಂದರು. ಶೋರೂಮಿನವರ ದಾರಿಯೆಂದರೆ ಎದುರಿನ ನೇರ ರಸ್ತೆಯಲ್ಲಿ ಸಿಗ್ನಲ್ ತನಕ ಹೋಗಿ ಬರುವುದು. ಮೇಡಂ ತಮ್ಮ ದಾರಿ ಹೇಳಿದಾಗ ಅವರು ಮ್ಯಾನೇಜರಿಗೆ ಫೋನು ಹಚ್ಚಿ, ಸ್ವಲ್ಪ ಜಗಳವನ್ನೇ ಆಡಿ, ಒಪ್ಪಿಗೆ ತಂದರು. ಕಾರಿನ ಬ್ರೇಕ್ ಬಹಳ ಚೆನ್ನಾಗಿತ್ತು, ಮೇಡಂ ಅದನ್ನು ಬಾಯ್ತುಂಬ ಹೊಗಳಿದರು. ಆದರೆ ಏರಿನಲ್ಲಿ ಕಾಲು ಒತ್ತಿದರೆ, ಟರ್ಬೊ ಗಾಳಿ ತುಂಬಿಕೊಳ್ಳುವ ತನಕ ಕಾರು ಸುಮ್ಮನಿತ್ತು. ಆಮೇಲೆ ಎಲ್ಲ ಬಲವನ್ನೂ ಒಂದೇ ಸಲಕ್ಕೆ ಕೊಟ್ಟಿತು. ಹಿಂದಿನ ಸೀಟಿನಲ್ಲಿದ್ದ ಅತ್ತೆ, ಯಾರೋ ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗಾಯಿತು ಎಂದರು. ಟೈಲರು ನಿಂಬೆಹಣ್ಣು ಮೂಸಿದರು. ಫ್ಯಾನಿನ ಗಾಳಿ ಹೆಚ್ಚಿಸಲು ಕೂಡ ಗಾಜಿನ ಪರದೆಯನ್ನು ಮುಟ್ಟಿ ಮುಟ್ಟಿ ಹುಡುಕಬೇಕಿತ್ತು. ರಸ್ತೆಯಿಂದ ಕಣ್ಣು ತೆಗೆಯಬೇಡಿ ಎಂದು ಬದುಕಿಡೀ ಹೇಳಿದವರಿಗೆ ಅದು ಸರಿಬರಲಿಲ್ಲ. ದೂರದ ಊರುಗಳಿಗೆ ಓಡಾಡುವವರಿಗೆ ಹೇಳಿ ಮಾಡಿಸಿದ ಕಾರು ಎಂದು ಮನಸಾರೆ ಹೇಳಿ, ಸೇಲ್ಸ್‌ನವರಿಗೆ ಕೈಮುಗಿದು ಬಂದರು.

ಎರಡನೆಯದು ಪೆಟ್ರೋಲ್ ಬಂಕಿನ ಹಿಂದೆ ಹಳೇ ಕಾರು ಮಾರುವವರ ಬಳಿಯಿದ್ದ ಬೆಳ್ಳಿ ಬಣ್ಣದ ಉದ್ದ ಕಾರು. ದೊಡ್ಡ ಇಂಜಿನ್ನು, ಟರ್ಬೊ ಇಲ್ಲ. ಬಾಗಿಲು ಅಗಲ, ಸೀಟು ಎತ್ತರ, ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ಒಡೆದ ಕಾಂಕ್ರೀಟು ಇದ್ದದ್ದೇ ಗೊತ್ತಾಗಲಿಲ್ಲ. ಏರಿನಲ್ಲಿ ಎಳೆತ ಬೆಣ್ಣೆಯ ಹಾಗೆ. ವೃತ್ತಕ್ಕೆ ಬರುವಷ್ಟರಲ್ಲಿ ಟೈಲರು ಗೊರಕೆ ಹೊಡೆಯುತ್ತಿದ್ದರು. ಇಳಿದವರೇ ಕೊರಳಲ್ಲಿ ನೇತಾಡುತ್ತಿದ್ದ ಟೇಪು ತೆಗೆದು ಸೀಟಿನ ಅಳತೆ ಹಿಡಿದರು. ಕವರಿಗೆ ನನ್ನ ಹತ್ತಿರ ಒಳ್ಳೇ ಬಟ್ಟೆ ಇದೆ ಎಂದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದನ್ನು ಕೇಳಿದ್ದೆ, ಇವತ್ತು ಕಣ್ಣಾರೆ ಕಂಡೆ ಎಂದರು ಅತ್ತೆ.

ಮೇಡಂ, ಚೆನ್ನಾಗಿದೆ ಎಂದಷ್ಟೇ ಹೇಳಿದರು. ಮನೆಯಲ್ಲಿ ಟೈಲರು ಬೂದು ಬಣ್ಣವೋ ಕಂದೋ ಎಂದು ಬಟ್ಟೆಯ ತುಂಡುಗಳನ್ನು ಮೇಜಿನ ಮೇಲೆ ಹರಡಿದಾಗ ಬಾಯಿ ಬಿಟ್ಟರು. ಏರಿನ ತಿರುವಿನಲ್ಲಿ ಆ ಕಾರಿನ ಮೂತಿ ಭಾರ, ತಿರುಗು ಅಂದರೆ ಯೋಚನೆ ಮಾಡಿ ತಿರುಗುತ್ತದೆ ಎಂದರು. ಟೈಲರಿಗೆ ಅರ್ಥವಾಗಲಿಲ್ಲ.

"ಎಲ್ಲರಿಗೂ ಆಗುತ್ತೆ ಅಲ್ವೇನೇ? ಅಮ್ಮನಿಗೆ ಆಗುತ್ತೆ, ನನಗೆ ಆಗುತ್ತೆ, ನಿನಗೂ ಆಗುತ್ತೆ."

"ನನಗೂ ಅಲ್ಲ ರೀ," ಎಂದರು ಮೇಡಂ. "ಈ ಸಲ ಮೊದಲು ನನಗೆ ಆಗ್ಬೇಕು. ನಿಮಗೂ ಆದ್ರೆ ಸಂತೋಷ."

ಸಿಟ್ಟಿನಿಂದ ಹೇಳಿದ್ದಲ್ಲ. ಗೇರು ಬದಲಿಸು ಎಂದು ಹೇಳುವಾಗ ಇರುವಂಥದೇ ದನಿ. ಟೈಲರು ಸ್ವಲ್ಪ ಹೊತ್ತು ಬಟ್ಟೆಯ ತುಂಡುಗಳನ್ನು ಮಡಚಿದರು. ಅವರು ಕೆಟ್ಟ ಮನುಷ್ಯರಲ್ಲ, ಈ ಮಾತು ಇಷ್ಟು ವರ್ಷದಲ್ಲಿ ತಮ್ಮ ಕಿವಿಗೆ ಬಿದ್ದೇ ಇರಲಿಲ್ಲವಲ್ಲ ಎಂದು ಯೋಚಿಸುತ್ತಿದ್ದರಂತೆ. ಆಮೇಲೆ, ಹಾಗಾದರೆ ಮೂರನೆಯದನ್ನೂ ನೋಡಿಯೇ ಬಿಡೋಣ ಎಂದರು.

ಮೂರನೆಯದು ಒಬ್ಬ ಬೇಕರಿಯವರದು. ಅವರೂ ಮೇಡಂ ಬಳಿಯೇ ಕಲಿತವರು, ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ ಹೇಗೋ ದಡ ಸೇರಿದವರು. ನೀಲಿ ಬಣ್ಣದ ಚಿಕ್ಕ ಕಾರು, ಎರಡೇ ಬಾಗಿಲು. ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿದ್ದರಿಂದ ಮನಸ್ಸಿಲ್ಲದ ಮನಸ್ಸಿನಿಂದ ಮಾರುತ್ತಿದ್ದರು. ಮುಂದಿನ ಸೀಟು ಮಡಚಿ ಹಿಂದಕ್ಕೆ ನುಸುಳಬೇಕು. ಅತ್ತೆ ಒಂದು ಕಾಲು ಒಳಗಿಟ್ಟು, ಇನ್ನೊಂದನ್ನು ಎತ್ತಲಾಗದೆ ಹಿಂದೆ ಸರಿದರು. ಬೇಕರಿಯ ಬಾಗಿಲಲ್ಲಿ ಸ್ಟೂಲು ಹಾಕಿಸಿಕೊಂಡು, ಮುಖ ಊದಿಸಿಕೊಂಡು ಕೂತರು. ಬೇಕರಿಯವರ ಹೆಂಡತಿ ಬಿಸಿ ಬನ್ನು ತಂದುಕೊಟ್ಟರೂ ಊದಿದ ಮುಖ ಇಳಿಯಲಿಲ್ಲ, ಬನ್ನು ಮಾತ್ರ ಖಾಲಿಯಾಯಿತು. ಟೈಲರು ಹಿಂದಿನ ಸೀಟಿನಲ್ಲಿ ಮಡಚಿಟ್ಟ ಅಂಗಿಯ ಹಾಗೆ ಕೂತರು. ಸ್ಟಿಯರಿಂಗ್ ಮೇಡಂ ಕೈಯಲ್ಲಿ, ಪಕ್ಕದ ಸೀಟಿನಲ್ಲಿ ಬೇಕರಿಯವರು.

ಒಡೆದ ಕಾಂಕ್ರೀಟಿನ ಒಂದೊಂದು ಬಿರುಕೂ ಬೆನ್ನುಮೂಳೆಗೆ ತಿಳಿಯಿತು. ಹಿಂದೆಲ್ಲೋ ಏನೋ ಗಡಗಡ ಅನ್ನುತ್ತಿತ್ತು. ಕ್ಲಚ್ಚು ಸವೆದಿದೆ ಎಂದು ಮೇಡಂ ಹೇಳಿದರು, ಬೇಕರಿಯವರು ಒಪ್ಪಿಕೊಂಡು ಅದಕ್ಕೆ ತಕ್ಕಂತೆ ಬೆಲೆ ಇಳಿಸುವುದಾಗಿ ಹೇಳಿದರು. ಆಮೇಲೆ ಟ್ಯಾಂಕಿನ ಏರು ಬಂತು. ಎದುರಿಗೆ ಯಾರೂ ಇರಲಿಲ್ಲ. ಮೇಡಂ ಎರಡನೇ ಗೇರಿಗೆ ಇಳಿಸಿ, ತಿರುವಿನ ಒಳಮೂಲೆಯನ್ನು ನೋಡಿ, ಕಾಲು ಒತ್ತಿದರು. ಕಾರು ಕಾಯಲಿಲ್ಲ, ತಳ್ಳಲೂ ಇಲ್ಲ, ಒತ್ತಿದಷ್ಟನ್ನು ಒತ್ತಿದ ಕ್ಷಣಕ್ಕೇ ಕೊಟ್ಟಿತು. ನಾಲ್ಕು ಚಕ್ರಗಳೂ ಅಂಗೈಯಲ್ಲಿ ಇದ್ದ ಹಾಗಿತ್ತು. ಪಕ್ಕದಲ್ಲಿ ದಪ್ ಎಂದು ಸದ್ದಾಯಿತು. ಬೇಕರಿಯವರು ಮ್ಯಾಟಿನ ಮೇಲೆ ಕಾಲು ಅಪ್ಪಳಿಸಿದ್ದರು.

"ಅಲ್ಲಿ ಬ್ರೇಕಿಲ್ಲಪ್ಪ," ಎಂದರು ಮೇಡಂ, ರಸ್ತೆಯಿಂದ ಕಣ್ಣು ತೆಗೆಯದೆ.

"ನೀವು ಹೀಗೂ ಓಡಿಸ್ತೀರಾ ಮೇಡಂ?"

"ನನಗೂ ಈಗಲೇ ಗೊತ್ತಾಗಿದ್ದು."

ವೃತ್ತವನ್ನು ಒಂದು ಸುತ್ತು ಹಾಕಿ ಸಾಕೆನಿಸದೆ ಇನ್ನೊಂದು ಸುತ್ತು ಹಾಕಿದರು. ಬೇಕರಿಯ ಮುಂದೆ ನಿಲ್ಲಿಸಿದಾಗ ಟೈಲರು ಹಿಂದಿನಿಂದ ತೆವಳಿ ಹೊರಬಂದು, ಗೋಡೆಗೆ ಒರಗಿ ನಿಂತರು. ತಲೆ ಸುತ್ತಿತೇ ಎಂದು ಮೇಡಂ ಕೇಳಿದರು. ಇಲ್ಲ, ಹೆದರಿಕೆಯಲ್ಲಿ ಅದು ಮರೆತೇ ಹೋಯಿತು ಎಂದರು ಟೈಲರು. ಹೇಳಿದವರು ತಾವೇ ನಕ್ಕುಬಿಟ್ಟರು.

ಮೇಡಂ ಅತ್ತೆಯ ಸ್ಟೂಲಿನ ಪಕ್ಕ ಮೆಟ್ಟಿಲ ಮೇಲೆ ಕೂತರು. ಮುಚ್ಚುಮರೆ ಮಾಡಲಿಲ್ಲ. ತನಗೆ ಬೇಕಾದದ್ದು ಇದೇ ಕಾರು, ಆದರೆ ನಿಮಗೆ ಇದರಲ್ಲಿ ಹಿಂದೆ ಕೂರಲು ಆಗುವುದಿಲ್ಲ, ನಿಮ್ಮನ್ನು ಕರೆದೊಯ್ಯಬೇಕಾದಾಗ ಸ್ಕೂಲಿನ ಕಾರು ತರುತ್ತೇನೆ ಎಂದರು. ಅತ್ತೆ ಸೊಸೆಯನ್ನು ಒಮ್ಮೆ ನೋಡಿದರು, ಕಾರನ್ನು ಒಮ್ಮೆ ನೋಡಿದರು, ಕೈಗೆ ಅಂಟಿದ್ದ ಬನ್ನಿನ ಚೂರನ್ನು ಕೊಡವಿಕೊಂಡರು.

"ಹಿಂದೆ ಯಾಕೆ ಕೂರ್ಲಿ? ನಾನು ಮುಂದೆ ಕೂರ್ತೀನಿ. ನಿನ್ನ ಗಂಡ ಹಿಂದೆ ಕೂರ್ಲಿ, ಅವನಿಗೇನು ಮೊಣಕಾಲು ನೋವಾ?"

ಟೈಲರು ಮತ್ತೆ ಹಿಂದಿನ ಸೀಟಿಗೆ ನುಸುಳಿದರು. ಬೇಕರಿಯವರು ಓಡಿಬಂದು ಬಾಗಿಲು ಹಿಡಿದರು. ಅತ್ತೆ ಕಾರಿಗೆ ಬೆನ್ನು ಮಾಡಿ ನಿಂತು, ಸೊಸೆಯ ಭುಜ ಹಿಡಿದು ಮೆಲ್ಲಗೆ ಸೀಟಿನ ಮೇಲೆ ಕೂತರು, ಆಮೇಲೆ ಎರಡೂ ಕಾಲನ್ನು ಜೊತೆಯಾಗಿ ಒಳಗೆ ತೆಗೆದುಕೊಂಡರು. ಸೀಟು ತಗ್ಗಾಗಿತ್ತು, ಕಾಲು ಮುಂದಕ್ಕೆ ಚಾಚಿಕೊಂಡಿತು. ಮೊಣಕಾಲಿಗೆ ಅದೇ ಹಿತವೆನಿಸಿತಂತೆ. ಬೆಲ್ಟು ಎಳೆದು ತಾವೇ ಹಾಕಿಕೊಂಡರು.

"ಎಲ್ಲಿ, ಆ ಟ್ಯಾಂಕಿನ ಹತ್ರ ಹೋಗು, ನೋಡ್ತೀನಿ."

ಕಾರು ಮನೆಗೆ ಬಂತು. ಎರಡನೇ ತಿಂಗಳೇ ಕ್ಲಚ್ಚು ಬದಲಿಸಬೇಕಾಯಿತು, ಹೊಸ ಟೈರುಗಳನ್ನೂ ಹಾಕಿಸಬೇಕಾಯಿತು. ಗಡಗಡ ಸದ್ದು ಎಲ್ಲಿಂದ ಎಂದು ಇವತ್ತಿಗೂ ಯಾರಿಗೂ ಪತ್ತೆಯಾಗಿಲ್ಲ. ಬ್ರೇಕಮ್ಮನಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಬೀದಿಯವರು ಆಡಿಕೊಂಡರು. ನೋಡಿ ನೋಡಿ ಸಾಕಾಗಿ ಬಿಟ್ಟರು. ಊರೊಳಗೆ ಮೇಡಂ ಆ ಕಾರನ್ನೂ ಬಾಡಿಗೆ ಸೈಕಲ್ಲಿನಂತೆ ಮೆಲ್ಲಗೇ ಓಡಿಸುತ್ತಾರೆ. ಭಾನುವಾರ ಬೆಳಿಗ್ಗೆ, ಜನ ಏಳುವ ಮೊದಲು, ಬೆಟ್ಟದ ತಿರುವುಗಳಲ್ಲಿ ಮಾತ್ರ ಅದರ ದನಿ ಬೇರೆ. ಮುಂದಿನ ಸೀಟಿನಲ್ಲಿ ಅತ್ತೆ, ಹಿಂದೆ ಟೈಲರು. ಅವರು ಈಗ ನಿಂಬೆಹಣ್ಣನ್ನು ಅಂಗಡಿಯಲ್ಲೇ ಬಿಟ್ಟು ಹೋಗುತ್ತಾರೆ.

ತಾಯಿಗೆ ಸೀಟು ತಗ್ಗಾಗುತ್ತದೆಂದು ಟೈಲರು ಕಂದು ಬಟ್ಟೆಯಲ್ಲಿ ಒಂದು ದಪ್ಪ ದಿಂಬು ಹೊಲಿದುಕೊಟ್ಟಿದ್ದರು. ಅಂಚಿಗೆ ಎರಡು ಸಾಲು ಹೊಲಿಗೆ, ಜಾರದಂತೆ ಹಿಂದೆ ಪಟ್ಟಿ. ಅತ್ತೆ ಅದರ ಮೇಲೆ ಒಂದೇ ಒಂದು ಭಾನುವಾರ ಕೂತರು. ಮುಂದಿನ ವಾರ ಅದನ್ನು ಎತ್ತಿ ಮಗನ ಮಡಿಲಿಗೆ ಹಾಕಿದರು.

"ನೀನೇ ಇಟ್ಕೋ. ಇದರ ಮೇಲೆ ಕೂತ್ರೆ ರಸ್ತೆನೇ ಗೊತ್ತಾಗಲ್ಲ."