ಕಪ್ಪು ಕಾಗದದ ಪೊಟ್ಟಣ

ಬಂಗಾರಪೇಟೆಯ ಫೋಟೋ ಸ್ಟುಡಿಯೋದ ಕತ್ತಲಕೋಣೆಯಿಂದ ಬರುವ, ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆಗೆ ಬೇರೆಯವರಿಗೆ ತಮ್ಮ ಮದುವೆಯ ಫೋಟೋ ನೆನಪಾಗಬಹುದು. ನನಗೆ ಪಿತ್ತ ನೆತ್ತಿಗೇರುತ್ತದೆ. ಅಪ್ಪನ ತಂಗಿ ಕಮಲತ್ತೆ ಬೆಂಗಳೂರಿನ ಕಾಲೇಜಿನಿಂದ ರೈಲಿಳಿದು ಮನೆಗೆ ಬಂದಾಗ ಅವಳ ಸೆರಗಿನಲ್ಲಿರುತ್ತಿದ್ದುದು ಅದೇ ವಾಸನೆ. ಅತ್ತೆ ಭೌತಶಾಸ್ತ್ರದ ಸಂಶೋಧನೆಗೆ ಸೇರಿದ್ದಳು. ಆಕಾಶದಿಂದ ಕಣ್ಣಿಗೆ ಕಾಣದ ಕಣಗಳು ಹಗಲಿರುಳು ಸುರಿಯುತ್ತವೆ, ಕೆಲವು ಬಂಡೆಯನ್ನೂ ತೂರಿ ಇಳಿಯುತ್ತವೆ. ಎಷ್ಟು ಆಳಕ್ಕೆ ಎಂಬುದು ಅವಳ ಪ್ರಶ್ನೆ. ರಾಗಿಹಿಟ್ಟು ಜರಡಿ ಹಿಡಿಯುತ್ತ ನನಗೆ ಹೇಳಿದ್ದಳು: "ಬಂಡೇನೂ ಒಂದ್ ಜರಡೀನೇ ಕಣ್ಲೇ. ಕೆಳಕ್ಕೆ ಏನ್ ಬೀಳ್ತದೆ ಅಂತ ನೋಡ್ಬೇಕು."

ಅದಕ್ಕೆ ಊರಿಗಾಂ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ಯಾವುದು? ಆದರೆ ಹೆಂಗಸರು ಗಣಿಗೆ ಇಳಿಯುವಂತಿರಲಿಲ್ಲ. ಪ್ರಶ್ನೆ ಅವಳದು, ಇಳಿಯಬೇಕಾದವನು ಅಲ್ಲಿ ಮರದ ಆಸರೆ ಕಟ್ಟಿಸುವ ಮೇಸ್ತ್ರಿಯಾಗಿದ್ದ ನಮ್ಮಪ್ಪ! ಫೋಟೋ ಲೇಪವಿದ್ದ ಆರು ಗಾಜಿನ ಫಲಕಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ, ಅಪ್ಪನ ಕೈಲಿ ಆಳದಲ್ಲಿ ಇಡಿಸಿ, ಮೂರು ತಿಂಗಳು ಕಾದಳು. ಕಣ ಹಾದುಹೋದಲ್ಲಿ ಗುರುತು ಉಳಿಯುತ್ತದೆ, ಕಾಲೇಜಿನಲ್ಲಿ ತೊಳೆದ ಮೇಲೆ ಅದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಅದಕ್ಕೆ ಮುಂಚೆ ಬೆಳಕು ಬಿದ್ದರೆ ಎಲ್ಲ ಹಾಳು. ಇದನ್ನು ಮನೆಯವರನ್ನೆಲ್ಲ ಕೂಡಿಸಿ ಹೇಳಿದ್ದಳು. ಯುದ್ಧದ ಕಾಲ, ಬೇರೆ ಫಲಕ ಸಿಗುವ ಹಾಗಿರಲಿಲ್ಲ. ಇವುಗಳಲ್ಲಿ ಏನಾದರೂ ಸಿಕ್ಕರೆ ಮಾತ್ರ ಅವಳ ಸೀಟು ಉಳಿಯುತ್ತದೆ ಎಂದು ಪ್ರೊಫೆಸರರು ಮೊದಲೇ ತಿಳಿಸಿದ್ದರು.

ಫಲಕಗಳು ಮೇಲೆ ಬಂದ ಮರುದಿನ ಭಾನುವಾರ. ಸೋಮವಾರದ ರೈಲಿಗೆ ಅವಳು ಹೊರಡಬೇಕು. ಅಂದೇ ಕಾಮಸಮುದ್ರದ ಕಡೆಯಿಂದ ಅವಳನ್ನು ನೋಡಲು ಗಂಡಿನವರು ಬಂದರು. ಅತ್ತೆ ಅಡುಗೆಮನೆಯಲ್ಲಿ ಉಪ್ಪಿಟ್ಟು ಬಡಿಸುತ್ತಿದ್ದಾಗ, ಹೆಮ್ಮೆಯಿಂದ ಉಬ್ಬಿಹೋಗಿದ್ದ ತಾತ ಅವಳ ಟ್ರಂಕಿನಿಂದ ಪೊಟ್ಟಣ ತಂದರು. ನಾನು ಅವರ ಕೈ ಹಿಡಿದೆ. "ಬಿಡ್ಲೇ, ಒಂದ್ ಗಳಿಗೆ ತೆಗುದ್ರೆ ಏನಾಗ್ತದೆ? ನನ್ ಮಗ್ಳು ಏನ್ ಮಾಡವ್ಳೆ ಅಂತ ಇವ್ರೂ ನೋಡ್ಲಿ" ಎಂದು ಕಾಗದ ಬಿಚ್ಚಿ, ಒಂದೊಂದೇ ಫಲಕವನ್ನು ಅಂಗಳದ ಬಿಸಿಲಿಗೆ ಹಿಡಿದು ತೋರಿಸಿದರು. ಗಂಡಿನ ತಾಯಿ ಕಣ್ಣು ಕಿರಿದು ಮಾಡಿ, ಗಡಿ ಕಡೆಯ ತೆಲುಗು ಬೆರೆಸಿ, "ಏಮೀ ಕಾಣಾಕಿಲ್ವಲ್ಲಪ್ಪಾ!" ಎಂದರು. ತಟ್ಟೆ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತಳು.

"ಏನಮ್ಮಾ, ಇದ್ರಾಗೆ ಏನೂ ಇಲ್ವಲ್ಲ?" ಎಂದರು ತಾತ.

"ಇತ್ತಪ್ಪಾ" ಎಂದಳು.

ಸೀಟು ಹೋಯಿತು. ಗಂಡಿನವರೂ ಇಷ್ಟು ಓದಿದವಳು ಬೇಡವೆಂದರು. ಕೆಟ್ಟ ಮೇಲಾದರೂ ಬುದ್ಧಿ ಬರುತ್ತದಂತೆ. ತಾತನಿಗೆ ಅದೂ ಬರಲಿಲ್ಲ. ಆರು ಗಾಜಿನ ಚೂರಿಗೆ ಇಷ್ಟು ರಂಪವೇ ಎಂದು ನಮ್ಮ ಮೇಲೇ ರೇಗಿದರು. ಅಪ್ಪ ತಲೆ ತಗ್ಗಿಸಿ ಕೆಲಸಕ್ಕೆ ಹೋದ. ಈಗ ಅವರಾರೂ ಇಲ್ಲ, ಆ ಅಂಗಳವೂ ಇಲ್ಲ. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಎಂದು ನೀವು ಹೇಳಬಹುದು. ಹೇಳಿ. ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ.

ಅತ್ತೆ ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ಹುಡುಗಿಯರಿಗೆ ಲೆಕ್ಕ ಹೇಳಿಕೊಡಲು ಸೇರಿದಳು. ಕೆಲವು ವರ್ಷಗಳ ನಂತರ ಪ್ರೊಫೆಸರರು ಒಂದು ಲೇಖನ ಕಳಿಸಿದರು. ಅದೇ ಪ್ರಶ್ನೆ, ಬೇರೊಬ್ಬನ ಹೆಸರು. ಅತ್ತೆ ಚಪ್ಪಲಿ ಕೂಡ ಬಿಡದೆ ನಿಂತೇ ಓದಿದಳು. ಒಂದು ಕಡೆ ತಡೆದು, ಪೆನ್ಸಿಲಿನಿಂದ ಅಂಚಿನಲ್ಲಿ ಲೆಕ್ಕ ಮಾಡಿ, ಅಚ್ಚಾಗಿದ್ದ ಉತ್ತರವನ್ನು ತಿದ್ದಿದಳು.

"ತಪ್ಪಾಗಿದೆ ಅಂತ ಅವ್ರಿಗೆ ಕಾಗ್ದ ಬರಿ ಅತ್ತೆ" ಎಂದೆ.

"ಹೆಸ್ರಿನ ಕೆಳಗೆ ನಾನ್ ಯಾರು ಅಂತ ಬರೀಲಿ ಕಣ್ಲೇ?" ಎಂದಳು.