ಎರಡನೇ ಸಲದ ಮೌನ

ಗೆಳೆಯರ, ಇವತ್ತ ಮುಂಜಾನೆ ಬೈಲಹೊಂಗಲ ಮಾರ್ಕೆಟ್ ಯಾರ್ಡಿನ್ಯಾಗ, ಗಡಿಯಾಗ ಸತ್ತ ಸೈನಿಕರಿಗಂತ ಎರಡು ನಿಮಿಷ ಮೌನ ಮಾಡಿದಿವಿ. ಹಮಾಲರು ಚೀಲ ಇಳಿಸಿ ನಿಂತ್ರು. ಕಾಳು ಹಸನ ಮಾಡೋ ಗಂಗವ್ವಗ ಮಾತ್ರ ಅಳು ತಡಕೊಳ್ಳಾಕ ಆಗಲಿಲ್ಲ. ಆಕಿ ಮಗನೂ ಅದೇ ಗಡಿಯಾಗ ಅದಾನ, ಮೂರು ದಿನದಿಂದ ಫೋನಿಲ್ಲ.

ಮೌನ ಮುಗೀತು. ಸಭಾ ಕರೆದಿದ್ದ ಪುಢಾರಿ ಮೊಬೈಲ್ ನೋಡಿ ಅಂದ: "ವಿಡಿಯೋ ಬಂದೇ ಇಲ್ಲ. ಎಲ್ಲಾರೂ ಇನ್ನೊಮ್ಮೆ ನಿಲ್ರಿ. ಯವ್ವಾ, ನೀ ಮುಂದ ಬಾ, ಆಗಿನಂಗ ಅಳು."

ನನ್ನ ಮೈ ಉರೀತು. ನಾ ಕಲಿತದ್ದು ಊರ ಸಾಲ್ಯಾಗ ಏಳನೇ ಇಯತ್ತೆ, ಆದ್ರ ನನ್ನ ಬಾಯಿಗೆ ವಕೀಲರೂ ಹೆದರತಾರ. "ಸಾಹೇಬ್ರ, ನಿಮ್ಮ ಅವ್ವ ಸತ್ತಾಗ ಎಷ್ಟು ಸಲ ಅತ್ತಿದ್ರಿ?" ಅಂದೆ.

"ಕಾಕಾ, ಇದರಾಗ ರಾಜಕೀಯ ಮಾಡಬ್ಯಾಡ್ರಿ" ಅಂದ! ಹಡದವ್ವನ್ನ ಎರಡು ಸಲ ಅಳಸಾವ ಅವ, ರಾಜಕೀಯ ಮಾಡಾವ ನಾನು!

ಮೊಬೈಲಿಗೆ ಬೆನ್ನ ಮಾಡಿ ಗಂಗವ್ವನ ಮುಂದ ನಿಂತೆ. ಹಮಾಲರೆಲ್ಲಾ ಬಂದು ಮಗ್ಗಲದಾಗ ನಿಂತ್ರು. ಯಾರೂ ಹೇಳಲಿಲ್ಲ, ಎರಡನೇ ಮೌನ ತಾನ ಆತು.

"ಇಷ್ಟು ಮಂದಿ ನಿಂತೀರಿ, ನನ್ನ ಮಗಾ ಫೋನ್ ಮಾಡತಾನ ಬಿಡ್ರಿ" ಅಂತ ಗಂಗವ್ವ ಕಣ್ಣ ಒರಸಿಕೊಂಡ್ಲು.

ಪುಢಾರಿ ನಾಚಿಕಿ ಬಿಟ್ಟು ಆ ಎರಡನೇ ಮೌನದ ವಿಡಿಯೋನೂ ಫೇಸ್‌ಬುಕ್ಕಿಗೆ ಹಾಕ್ಯಾನ, ನೋಡ್ರಿ. ಬರೇ ಬೆನ್ನ ಕಾಣತಾವ. ಎಲ್ಲಾದಕ್ಕಿಂತ ಅಗಲಾದ ಬೆನ್ನ ನಂದು.