ನಾಗರತ್ನಾ ಕಾದ ಹೆಸರು

ಇಳಕಲ್ಲಿನ ನಾಗರತ್ನಾಳಿಗೆ ಎರಡು ವಿದ್ಯೆ ಬರುತ್ತಿದ್ದವು. ಒಂದು, ಅತ್ತೆ ದುರ್ಗವ್ವ ಮಗ್ಗದ ಮುಂದೆ ಕೂರಿಸಿಕೊಂಡು ಕಲಿಸಿದ್ದು: ಸೆರಗಿನ ರೇಷ್ಮೆ ಎಳೆಗೂ ಒಡಲಿನ ನೂಲಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವುದು. ಇನ್ನೊಂದು, ಮದುವೆಗೆ ಮುಂಚೆ ಹುನಗುಂದದಲ್ಲಿ ಕಲಿತ ಟೈಪಿಂಗ್. ಮೊದಲನೆಯದರಿಂದ ಮನೆ ನಡೆಯುತ್ತಿತ್ತು. ಎರಡನೆಯದನ್ನು ಅವಳು ಮರೆತೇಬಿಟ್ಟಿದ್ದಳು, ಬಸವಂತ ಸಾವಕಾರರು ನೆನಪು ಮಾಡಿಕೊಡುವ ತನಕ.

ಬಸವಂತರದು ಹಳೇ ಬಾಗಲಕೋಟೆಯಲ್ಲಿ ಸೀರೆ ಅಂಗಡಿ. ದುರ್ಗವ್ವ ನೇಯ್ದ ಸೀರೆಗಳು ಮೊದಲಿನಿಂದಲೂ ಅಲ್ಲಿಗೇ ಹೋಗುತ್ತಿದ್ದವು. ಹೊಸದೇನಾದರೂ ಬಂತೆಂದರೆ ಬಿಡದ ಮನುಷ್ಯ ಅವರು. ತೊಂಬತ್ತೊಂಬತ್ತರಲ್ಲಿ ಹುಬ್ಬಳ್ಳಿಯ ಒಬ್ಬನನ್ನು ಹಿಡಿದು, ‘ಕೊಂಡಿಸೀರೆ ಡಾಟ್ ಕಾಮ್’ ಎಂಬ ಹೆಸರು ತೆಗೆದು, ಇಂಟರ್ನೆಟ್ಟಿನಲ್ಲಿ ಅಂಗಡಿ ಹಾಕಿಸಿದರು. ಹೆಸರಿನ ಐದು ವರ್ಷದ ಶುಲ್ಕವನ್ನು ಒಂದೇ ಸಲಕ್ಕೆ ಕಟ್ಟಿದ್ದರು. ಓಣಿಯವರೆಲ್ಲ ನಕ್ಕರು. ನಗು ಮುಗಿಯುವಷ್ಟರಲ್ಲಿ ಅಣೆಕಟ್ಟಿನ ಹಿನ್ನೀರು ಬಂತು. ಓಣಿ ಖಾಲಿಯಾಯಿತು, ಅಂಗಡಿ ಮುಚ್ಚಿತು, ಸಾವಕಾರರು ಮನೆ ಮುಳುಗಿದವರಿಗಾಗಿ ಕಟ್ಟಿದ ನವನಗರದ ಯಾವುದೋ ಸೆಕ್ಟರಿಗೆ ಹೋದರು. ಹೋಗುವ ಮುಂಚೆ ಇಳಕಲ್ಲಿಗೆ ಒಂದು ಫೋನು ಮಾಡಿದ್ದರು.

“ತಂಗಿ, ನಿನಗ ಟೈಪ್ ಬರ್ತೈತಲ್ಲ? ಸೀರಿ ಬೇಕಂತ ಯಾರರ ಬರದ್ರ ಅದು ನಿನಗ ಬರೂಹಂಗ ಮಾಡೀನಿ. ನೀನ ನೋಡ್ಕೋ. ನನಗಿನ್ನ ವ್ಯಾಪಾರದ ಮ್ಯಾಲೆ ಮನಸಿಲ್ಲ.”

ಅಂದಿನಿಂದ ವಾರಕ್ಕೆರಡು ಸಲ ಅವಳು ಬಸ್‌ಸ್ಟ್ಯಾಂಡ್ ಹತ್ತಿರದ ಬಂದೇನವಾಜನ ಸೈಬರ್ ಕೆಫೆಗೆ ಹೋಗಿ ಕೂರತೊಡಗಿದಳು. ಪುಣೆಯವರು, ಮೈಸೂರಿನವರು, ಒಮ್ಮೊಮ್ಮೆ ಲಂಡನ್ನಿನವರು ಬರೆಯುತ್ತಿದ್ದರು. ಅವಳು ಬಣ್ಣ ಕೇಳಿ, ದಡಿ ಕೇಳಿ, ಉತ್ತರ ಟೈಪು ಮಾಡಿ, ಓಣಿಯ ನಾಲ್ಕು ಮಗ್ಗಗಳಿಗೆ ಕೆಲಸ ಹಂಚುತ್ತಿದ್ದಳು. ಪವರ್‌ಲೂಮಿನ ಸೀರೆಗಳ ನಡುವೆ ಕೈಮಗ್ಗಗಳು ಜೀವ ಹಿಡಿದುಕೊಂಡಿದ್ದದ್ದು ಹೀಗೆ.

ಎರಡು ಸಾವಿರದ ನಾಲ್ಕರ ಶ್ರಾವಣದಲ್ಲಿ ಪತ್ರಗಳು ನಿಂತವು. ಹಬ್ಬದ ಹೊತ್ತಿನಲ್ಲಿ ಹಾಗಾಗುವುದು ಹೇಗೆ ಎಂದು ಅಂಗಡಿಯ ಹೆಸರು ಟೈಪಿಸಿ ನೋಡಿದಳು. ಸೀರೆಗಳ ಚಿತ್ರವಿದ್ದ ಜಾಗದಲ್ಲಿ ವಿಮಾನದ ಟಿಕೆಟ್ಟಿನದೂ ಸಾಲ ಕೊಡುವವರದೂ ಜಾಹೀರಾತುಗಳು ಕೂತಿದ್ದವು.

“ನವಾಜಣ್ಣಾ, ಇಲ್ಲಿ ಬರ್ರಿ ಸ್ವಲ್ಪ. ಇದೇನ್ರಿ ಇದು?”

ಬಂದೇನವಾಜ ಬಂದು ನೋಡಿ ತಲೆ ಕೊಡವಿದ. ಅವನ ಕೆಫೆಯದೇ ಒಂದು ಹೆಸರು ಹಿಂದೊಮ್ಮೆ ಹೀಗೆ ಕೈ ತಪ್ಪಿ ಹೋಗಿತ್ತು. ಹಾಗಾಗಿ ಈ ವಿಷಯದಲ್ಲಿ ಅವನು ಪೆಟ್ಟು ತಿಂದು ಕಲಿತವನು.

“ವಾಯಿದೆ ಮುಗದೈತಿ, ತಂಗಿ. ಆದ್ರ ಹೆಸರು ಒಮ್ಮಿಗೇ ಬೀಳಂಗಿಲ್ಲ. ಮದಲ ಮಾಲಕಗ ತಿಂಗಳ ಮ್ಯಾಲೆ ವ್ಯಾಳ್ಯಾ ಕೊಡ್ತಾರ, ದಂಡ ಇಲ್ದ ಕಟ್ಟಿ ಉಳಿಸ್ಕೋಬಹುದು. ಅದು ದಾಟಿದ್ರ ದಂಡ ಹಾಕಿ ಬಿಡಿಸ್ಕೊಳ್ಳಾಕ ಇನ್ನೊಂದ ತಿಂಗಳು. ಅದೂ ದಾಟ್ತಂದ್ರ ಸಂತ್ಯಾಗ ಬಿಟ್ಟ ದನ ಇದ್ದಂಗ, ಮದಲ ಹಿಡದವಂದು.”

“ನಾ ಹಿಡೀಬಹುದೇನ್ರಿ?”

“ನಿನ್ನ ಕೈಲೆ ಆಗಂಗಿಲ್ಲ, ನನ್ನ ಕೈಲೆನೂ ಆಗಂಗಿಲ್ಲ. ಕಣ್ಣ ಮುಚ್ಚಿ ತೆಗಿಯೂದ್ರಾಗ ಹೋಗಿರ್ತೈತಿ. ಹಿಡಿಯಾಕಂತ ಕಂಪನಿಗೋಳ ಅದಾವ. ಒಂದನ್ನ ನಂಬಬ್ಯಾಡ, ಮೂರರಾಗ ಹೇಳಿ ಇಡೂಣು. ಹಿಡದುಕೊಟ್ರ ಅಷ್ಟ ರೊಕ್ಕ. ಕಟ್ಟಾಕ ಪುಣೆದಾಗಿನ ನಮ್ಮ ಭಾವನ ಕಾರ್ಡ್ ಐತಿ.” ಆಮೇಲೆ ದನಿ ತಗ್ಗಿಸಿ ಹೇಳಿದ: “ಒಂದ ಮಾತು. ಯಾರ ಮುಂದೂ ಬಾಯಿ ಬಿಡಬ್ಯಾಡ. ಈ ಹೆಸರು ಯಾರಿಗರ ಬೇಕಾಗೈತಿ ಅಂತ ಗೊತ್ತಾತಂದ್ರ ಹರಾಜಿಗೆ ನಿಲ್ಲವ್ರು ಭಾಳ ಮಂದಿ.”

ಮೂರು ಕಡೆ ಹೇಳಿಟ್ಟರು. ಯಾವ ಹೆಸರು ಯಾರದೆಂದು ತೋರಿಸುವ ಪುಟವನ್ನೂ ಬಂದೇನವಾಜ ತೆರೆದು ತೋರಿಸಿದ. ಮಾಲೀಕ: ಬಸವಂತ. ವಿಳಾಸ: ಹಳೇ ಬಾಗಲಕೋಟೆಯ ಪೇಟೆ ಓಣಿ. ಆ ಓಣಿಯ ಮೇಲೆ ಈಗ ಮೀನುಗಾರರು ದೋಣಿ ಹಾಕುತ್ತಿದ್ದರು. ಫೋನು ನಂಬರು ಯಾವತ್ತೋ ಸತ್ತಿತ್ತು. ವಾಯಿದೆ ಮುಗಿಯುತ್ತಿದೆ ಎಂಬ ಎಚ್ಚರಿಕೆಗಳೆಲ್ಲ ಸಾವಕಾರರ ಹೆಸರಿನ, ಯಾರೂ ತೆರೆಯದ ಇಮೇಲ್ ಪೆಟ್ಟಿಗೆಗೆ ಹೋಗಿ ಬಿದ್ದಿರಬೇಕು. ಅಂದರೆ ಸಾವಕಾರರಿಗೆ ಸುದ್ದಿಯೇ ಇಲ್ಲ.

ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಆದರೆ ಕೊಂಡಿ ಹಾಕುವಾಗ ಎಳೆ ತಪ್ಪತೊಡಗಿತು. ಎಂದೂ ಎಳೆ ತಪ್ಪದ ಸೊಸೆ ಅವಳು. ದುರ್ಗವ್ವ ಒಂದು ಸಂಜೆ ಮಗ್ಗದ ಕುಣಿಯಿಂದ ಮೇಲೆದ್ದು ಕೇಳಿಯೇಬಿಟ್ಟಳು. ನಾಗರತ್ನಾ ಎಲ್ಲವನ್ನೂ ಹೇಳಿದಳು. ಮುದುಕಿಗೆ ಇಂಟರ್ನೆಟ್ ಎಂದರೇನೆಂದು ತಿಳಿಯದಿದ್ದರೂ ಉಳಿದದ್ದೆಲ್ಲ ತಿಳಿಯಿತು.

“ಮಂದೀದು ಬೀಳಲಿ ಅಂತ ಕೆಳಗ ಉಡಿ ಒಡ್ಡಿ ನಿಂತಿಯೇನವಾ?”

“ನಾ ಬೀಳಸಾಕತ್ತಿಲ್ರೀ ಅತ್ತೀ. ತಾನ ಬೀಳಾಕತ್ತೈತಿ. ನಾ ಹಿಡೀಲಿಲ್ಲಂದ್ರ ಮತ್ತ್ಯಾರರ ಹಿಡೀತಾರ.”

“ಖರೆ ಐತಿ. ಆದ್ರ ಆ ಮನಶ್ಯಾನ ಮನಿ ಹೋತು, ಅಂಗಡಿ ಹೋತು. ಹೇಳೇ ಹೋದುವು, ಸರಕಾರದವ್ರು ನೋಟೀಸರ ಕೊಟ್ರು. ನೀ ಅದನ್ನೂ ಕೊಡಾಕ ತಯಾರಿಲ್ಲ.”

ಆ ಮಾತು ನಾಗರತ್ನಾಳಿಗೆ ನಾಟಿತು. ಆದರೂ ಮತ್ತೊಂದು ವಾರ ಸುಮ್ಮನಿದ್ದಳು. ಹೇಳಿದರೆ ಹೆಸರು ಹೋಗಬಹುದು. ನಾಲ್ಕು ಮಗ್ಗ ಅದರ ಮೇಲೆ ನಿಂತಿವೆ. ಮತ್ತೆ ಅನ್ನಿಸಿತು: ವ್ಯಾಪಾರದ ಮೇಲೆ ಮನಸ್ಸಿಲ್ಲ ಎಂದವರು, ಕೇಳಿದರೆ ಅವರೇ ಕೊಟ್ಟುಬಿಟ್ಟಾರು. ಆ ಆಸೆಯನ್ನೇ ಗಂಟು ಕಟ್ಟಿಕೊಂಡು ಒಂದು ಬೆಳಗ್ಗೆ ಬಾಗಲಕೋಟೆಯ ಬಸ್ಸು ಹತ್ತಿದಳು.

ನವನಗರದಲ್ಲಿ ಎಲ್ಲ ಓಣಿಗಳೂ ಒಂದೇ ಥರ, ಗುರುತಿಗೆ ಬರೀ ನಂಬರು. ಒಂದು ಬಟ್ಟೆ ಅಂಗಡಿಯಲ್ಲಿ ವಿಚಾರಿಸಿ, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮನೆ ಸಿಕ್ಕಿತು. ಬಸವಂತರು ಪಡಸಾಲೆಯಲ್ಲಿ ಖಾಲಿ ಕೂತಿದ್ದರು. ಅಷ್ಟು ಮಾತಿನ ಮನುಷ್ಯ ಇವರೇ ಹೌದೋ ಅಲ್ಲವೋ ಅನ್ನಿಸಿತು ಅವಳಿಗೆ.

“ಯಾವ ಹೆಸರು?” ಎಂದರು ಮೊದಲಿಗೆ. ಅವಳು ಬಿಡಿಸಿ ಹೇಳಿದಳು: ವಾಯಿದೆ, ದಂಡ, ಅದೂ ದಾಟಿದರೆ ಆಗುವುದು. ತಾನು ಮೂರು ಕಡೆ ಹೇಳಿಟ್ಟಿರುವುದನ್ನೂ ಮುಚ್ಚಿಡಲಿಲ್ಲ. “ನಿಮಗ ಬ್ಯಾಡಾಗಿದ್ರ ನಾ ನಡಸ್ಕೊಂಡ ಹೋಗ್ತೇನ್ರಿ, ಸಾವಕಾರ್ರ.”

ಅವರು ಕೇಳಿದರು: “ಅದರಾಗ ನಮ್ಮ ಓಣಿ ವಿಳಾಸ ಇನ್ನೂ ಐತೇನು?”

“ಐತ್ರಿ.”

“ನೀರಾಗ ಹೋಗಲಾರದ್ದು ಅದೊಂದ ಉಳದೈತಿ ಅನ್ನು. ಹಂಗಾರ ಬಿಡಸ್ಕೊಳ್ಳೂಣು, ತಂಗಿ. ನನ್ನ ಹೆಸರಿಲೇ ಇರ್ಲಿ.”

ಬೇಡವೆನ್ನಲು ನಾಗರತ್ನಾಳಿಗೇನು ಹಕ್ಕು? ಬಿಡಿಸಿಕೊಡುವ ಕೆಲಸವೂ ಅವಳ ತಲೆಗೇ ಬಂತು. ಹಳೆಯ ಇಮೇಲ್ ಪೆಟ್ಟಿಗೆ ಕೈಯಲ್ಲಿ ಇಲ್ಲದ್ದರಿಂದ ಹೆಸರು ಕೊಡುವ ಕಂಪನಿಯವರು ಈತನೇ ಮಾಲೀಕನೆಂದು ನಂಬಲು ತಯಾರಿರಲಿಲ್ಲ. ಪತ್ರದ ಮೇಲೆ ಪತ್ರ ಬರೆದು, ಗುರುತಿನ ಚೀಟಿಯನ್ನು ಫ್ಯಾಕ್ಸು ಮಾಡಿ, ಗಡುವು ಇನ್ನೇನು ಮುಗಿಯಿತು ಎನ್ನುವಾಗ ಹೆಸರು ಬಸವಂತರ ಕೈಗೆ ಮರಳಿತು. ಬಂದೇನವಾಜ ಹಣೆ ಬಡಿದುಕೊಂಡ. “ಊಟಕ್ಕ ಕರದು ನಿನ್ನ ತಾಟ ಅವರ ಮುಂದ ಸರಿಸಿದಿಯಲ್ಲ!”

ಮುಂದಿನ ವರ್ಷದ ಆರಂಭದಲ್ಲಿ ‘ಡಾಟ್ ಇನ್’ ಹೆಸರುಗಳನ್ನು ಎಲ್ಲರಿಗೂ ಬಿಟ್ಟಾಗ ಅವಳು ಮೊದಲ ದಿನವೇ ‘ಕೊಂಡಿಸೀರೆ ಡಾಟ್ ಇನ್’ ತೆಗೆಸಿದಳು. ಆದರೆ ಜನರ ಬೆರಳು ರೂಢಿಯಂತೆ ‘ಡಾಟ್ ಕಾಮ್’ ಎಂದೇ ಒತ್ತುತ್ತಿತ್ತು. ಅಲ್ಲಿ ಸೀರೆಯಿರಲಿಲ್ಲ. ಬಸವಂತರು ಹಾಕಿಸಿದ್ದು ಅಂಗಡಿಯ ಮುಂದೆ ತಾವು ನಿಂತ ಒಂದು ಹಳೇ ಫೋಟೋ, ಕೆಳಗೆ ಓಣಿಯ ಹೆಸರು, ಅಷ್ಟೇ. ಎರಡು ಮಗ್ಗ ನಿಂತವು. ಸಾವಕಾರರ ಮೇಲೆ ಅವಳಿಗೆ ಸಿಟ್ಟಿತ್ತು. ತನ್ನ ಮೇಲೆ ಇನ್ನೂ ಹೆಚ್ಚು.

ಮತ್ತೆ ಶ್ರಾವಣ ಬಂತು. ಹೆಸರಿಗೆ ಒಂದೇ ವರ್ಷದ್ದು ಕಟ್ಟಿದ್ದರು. ಈ ಸಲವೂ ಅವರು ವಾಯಿದೆ ಮರೆಯುತ್ತಾರೆಂದು ಗೊತ್ತಿದ್ದರಿಂದ ಗೊಣಗುತ್ತಲೇ ಬಾಗಲಕೋಟೆಗೆ ಹೋದಳು. ಮನೆಯಲ್ಲಿ ಅವರಿರಲಿಲ್ಲ. ಮೂಲೆಯ ಸೈಬರ್ ಕೆಫೆಯಲ್ಲಿದ್ದರು. ಅಲ್ಲಿಯ ಹುಡುಗಿಯಿಂದ ಪತ್ರ ಓದಿಸಿಕೊಳ್ಳುತ್ತಿದ್ದರು. ಸೊಲ್ಲಾಪುರದಿಂದ ಒಬ್ಬ ಬರೆದಿದ್ದ: ನಿಮ್ಮ ಅಂಗಡಿಯ ಎದುರಿನ ಮನೆ ನಮ್ಮದು, ನಮ್ಮ ಕಟ್ಟೆಯ ತುದಿ ಫೋಟೋದಲ್ಲಿ ಕಾಣುತ್ತದೆ, ನಮ್ಮವ್ವ ಅದನ್ನು ನೋಡಿ ಅತ್ತಳು. ಹೀಗೆ ಹತ್ತಾರು ಮಂದಿ ಬರೆದಿದ್ದರು. ಬಸವಂತರ ಮಾತು ಮರಳಿ ಬಂದಿತ್ತು; ಯಾರ ಮನೆ ಯಾವ ಕಡೆ, ಯಾರ ಬಾಗಿಲು ಎಂಥದು ಎಂದು ಹುಡುಗಿಗೆ ಹೇಳಿದ್ದೇ ಹೇಳಿದ್ದು.

ನಾಗರತ್ನಾ ಪಕ್ಕದ ಕುರ್ಚಿ ಎಳೆದುಕೊಂಡಳು. “ನಾ ಟೈಪ್ ಮಾಡ್ತೇನಿ, ನೀವು ಹೇಳ್ರಿ.” ಅಂದು ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಎದ್ದು ಹೊರಡುವಾಗ ಸಾವಕಾರರೇ ಅಂದರು: “ಫೋಟೋದ ಕೆಳಗ ನಿನ್ನ ಹೆಸರು ಫೋನು ಹಾಕ್ಕೋ, ತಂಗಿ. ಸೀರಿ ಬೇಕಾದವ್ರು ಇಳಕಲ್ಲಿಗೆ ಕೇಳ್ಲಿ. ನನಗ ಮದಲ ಯಾಕ ಹೊಳೀಲಿಲ್ಲೋ ಏನೋ.” ದೀಪಾವಳಿಯ ಹೊತ್ತಿಗೆ ನಿಂತ ಮಗ್ಗಗಳು ಮತ್ತೆ ಸದ್ದು ಮಾಡಿದವು.

ಎರಡು ಸಾವಿರದ ಎಂಟರಲ್ಲಿ ಅವರೇ ಫೋನು ಮಾಡಿದರು. ಕಣ್ಣು ಮಂಜಾಗಿದ್ದವು. “ಈ ವರ್ಷ ನಾ ಕಟ್ಟಂಗಿಲ್ಲ. ಬಿಟ್ಟಬಿಡ್ತೇನಿ, ನೀ ಹಿಡ್ಕೊಂಬಿಡು.”

“ಬೀಳಾಕ ಬಿಡಬ್ಯಾಡ್ರೀ ಸಾವಕಾರ್ರ!” ಅವಳು ಹೆಚ್ಚುಕಡಿಮೆ ಕೂಗಿದಳು. “ಬಿದ್ರ ನಿಮಗೂ ಇಲ್ಲ, ನನಗೂ ಇಲ್ಲ. ಜೀವ ಇರೂವಾಗನ ಕೈಯಿಂದ ಕೈಗೆ ಕೊಡ್ರಿ. ಅದಕ್ಕೊಂದು ಗುಪ್ತ ನಂಬರ್ ಇರ್ತೈತಿ. ನಾ ನಾಳೆನ ಬರ್ತೇನಿ.”

ಹೋಗಿ, ಪಕ್ಕದಲ್ಲಿ ಕೂತು, ಹೆಸರನ್ನು ತನ್ನ ಲೆಕ್ಕಕ್ಕೆ ಬರೆಸಿಕೊಂಡಳು. ಸೀರೆಗಳು ಮತ್ತೆ ಮೊದಲಿನ ಪುಟಕ್ಕೆ ಬಂದವು. ಓಣಿಯ ಫೋಟೋವನ್ನು ಅವಳು ತೆಗೆಯಲಿಲ್ಲ. ಅದಕ್ಕೊಂದು ಬೇರೆ ಪುಟ ಮಾಡಿದಳು. ಅಲ್ಲಿಗೆ ಬರುವ ಪತ್ರಗಳಿಗೆ ಉತ್ತರ ಕೊಡಲು ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಆ ಓಣಿಯನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ಹಾಗಾಗಿ ರವಿವಾರ ಬಂದರೆ ಬಂದೇನವಾಜನ ಕೆಫೆಯಲ್ಲಿ ಕೂತು ನವನಗರಕ್ಕೆ ಫೋನು ಹಚ್ಚುವಳು, ಬಂದದ್ದನ್ನು ಓದಿ ಹೇಳುವಳು. ಅತ್ತ ಕಡೆಯಿಂದ ಬಸವಂತರು ಹೇಳಿದಂತೆ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಟೈಪು ಮಾಡುತ್ತಾ ಹೋಗುವಳು.